ಬಾವಿಯಮ್ಮನ ತೀರ್ಥ

ಕೊಳ್ಳೇಗಾಲದಲ್ಲಿ ಬೆಳೆಗೆ ಹೊಡೆಯುವ ಔಷಧಿ ಮಾರುವವರೊಬ್ಬರ ಗೋಡೌನಿನಲ್ಲಿ ನಾನು ಬಹಳ ವರ್ಷ ಕೆಲಸ ಮಾಡಿದೆ. ಔಷಧಿ ಅನ್ನುವುದು ನಮ್ಮ ಕಡೆಯ ಮರ್ಯಾದೆಯ ಮಾತು; ಅದು ವಿಷ. ಎಂಬತ್ತರ ದಶಕದ ಕೊನೆಯಲ್ಲಿ ಒಂದು ದಿನ ಸಾಹುಕಾರರು ಮೂಲೆಯಲ್ಲಿ ತುಕ್ಕು ಹಿಡಿದು ಸೋರುತ್ತಿದ್ದ ಹಳೆಯ ಡ್ರಮ್ಮುಗಳನ್ನು ತೋರಿಸಿ, "ಇವ್ನೆಲ್ಲ ಕಣ್ಗೆ ಕಾಣ್ದಂಗೆ ಎಲ್ಲಾರ ಆಕ್ಬುಟ್ಟು ಬಾ" ಅಂದರು. ಎಲ್ಲಿಗೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನನಗೆ ತಟ್ಟನೆ ಹೊಳೆದದ್ದು ನನ್ನ ತಂಗಿಯನ್ನು ಕೊಟ್ಟ ಊರಿನ ಹಾಳುಬಾವಿ. ಹೂಗ್ಯಂ ಕಡೆ, ಕಾಡಂಚಿನಲ್ಲಿ, ಮೆಟ್ಟಿಲಿದ್ದರೂ ಯಾರೂ ನೀರಿಗೆ ಇಳಿಯದ ಬಾವಿ. ಟ್ರ್ಯಾಕ್ಟರಿನಲ್ಲಿ ಒಯ್ದು ಡ್ರಮ್ಮುಗಳನ್ನು ಒಂದೊಂದಾಗಿ ಉರುಳಿಸಿದೆ. ಕಲ್ಲುಸಂದಿಯಲ್ಲಿ ಗೂಡು ಕಟ್ಟಿದ್ದ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹೋದವು. ಅವು ಮತ್ತೆ ಆ ಬಾವಿಗೆ ಮರಳಲಿಲ್ಲ.

ದನ ಕಾಯುವವರು ಬಗ್ಗಿ ನೋಡಿಯಾರು ಎಂಬ ಹೆದರಿಕೆ ಇತ್ತು. ವಿಷ ಹಾಕಿದ್ದೇನೆ ಅಂದರೆ ಊರವರು ನನ್ನ ಚರ್ಮ ಸುಲಿಯುತ್ತಿದ್ದರು. ತಂಗಿ ಬಾಳಬೇಕಾದ್ದೂ ಅದೇ ಊರಿನಲ್ಲಿ. ಮಹಾ ಬುದ್ಧಿವಂತ ನಾನು! ತಂಗಿಯ ಮನೆ ಜಗಲಿಯಲ್ಲಿ ನಾಲ್ಕು ಜನ ಸೇರಿದ್ದಾಗ, "ಆ ಬಾವಿ ಮೆಟ್ಲು ಮ್ಯಾಲೆ ನಡುಮಧ್ಯಾನ್ನ ಒಬ್ಳು ಎಂಗ್ಸು ತಲೆ ಬಾಚ್ಕಂಡು ಕೂತಿದ್ಲು ಕಣ್ರಿ" ಅಂತ ಒಂದು ಬುರುಡೆ ಬಿಟ್ಟೆ. ಯಾರೂ ನಗಲಿಲ್ಲ. ಮಾರನೆಯ ದಿನದಿಂದ ದನಗಳನ್ನು ಆ ಕಡೆ ಬಿಡುವುದು ನಿಂತಿತು.

ಒಂದೆರಡು ತಿಂಗಳಿಗೆ ನಾನು ಹೇಳದೆ ಇದ್ದದ್ದೂ ಕೇಳಿಬರತೊಡಗಿತು. ಅವಳ ಕೈತುಂಬ ಹಸಿರು ಬಳೆಯಂತೆ. ಬಗ್ಗಿ ನೋಡಿದವರನ್ನು ಹೆಸರು ಹಿಡಿದು ಕರೆಯುತ್ತಾಳಂತೆ. ಅಷ್ಟರಲ್ಲಿ ಯಾರದೋ ಮೇಕೆ ತಪ್ಪಿಸಿಕೊಂಡು ಇಳಿದು, ನೀರು ಕುಡಿದು, ಮೆಟ್ಟಿಲ ಮೇಲೇ ಸತ್ತಿತು. ಅಂದಿನಿಂದ ಅವಳು ದೆವ್ವವಲ್ಲ, ಅಮ್ಮ. ಹೇಳದೆ ಕೇಳದೆ ಹೋದ ಮೇಕೆಯನ್ನು ಅಮ್ಮ ತಗೊಂಡಳು, ಭಕ್ತಿಯಿಂದ ಹೋದವರಿಗೆ ಕೇಳಿದ್ದು ಕೊಡುತ್ತಾಳೆ ಅಂತ ಊರು ತೀರ್ಮಾನಿಸಿತು. ಬೇವಿನಸೊಪ್ಪು ಕಟ್ಟಿದರು, ಕಲ್ಲಿಗೆ ಅರಿಶಿನ ಬಳಿದರು.

ಒಂದು ಸಲ ನಾನೂ ಹೋಗಿ ನೋಡಿದೆ. ಸುಡುಬಿಸಿಲು. ಒಂದು ಕಪ್ಪೆಯ ಸದ್ದಿಲ್ಲ, ನೀರಿನ ಮೇಲೆ ಒಂದು ಸೊಳ್ಳೆಯಿಲ್ಲ. ಪಾಚಿಯಿಲ್ಲದ ನೀರು ತಿಳಿಯಾಗಿತ್ತು, ಆದರೆ ಅಷ್ಟು ಆಳದಲ್ಲಿ ಡ್ರಮ್ಮುಗಳು ಎಲ್ಲೂ ಕಾಣಲಿಲ್ಲ. ಮೆಟ್ಟಿಲ ಮೇಲೆ ಹಸಿರು ಬಳೆಯ ಚೂರು ಬಿದ್ದಿತ್ತು. ಹರಕೆಯವರು ಯಾರೋ ಹಾಕಿರಬೇಕು ಅಂದುಕೊಂಡೆ. ಹಾಗಂದುಕೊಂಡರೂ ನಾನೇ ಕಟ್ಟಿದ ಸುಳ್ಳಿಗೆ ನಾನೇ ಬೆವೆತು, ತಿರುಗಿ ನೋಡದೆ ಬಂದುಬಿಟ್ಟೆ. ಆ ನೀರನ್ನು ಜನ ಬಾಯಿಗೆ ಹಾಕಿಕೊಳ್ಳಬಹುದೆಂದು ನನ್ನ ಮಂಕುತಲೆಗೆ ಹೊಳೆಯಲೇ ಇಲ್ಲ.

ಕೆಲವು ವರ್ಷಗಳ ಮೇಲೆ ತಂಗಿ ಬಸುರಿಯಾದಳು. ಹಿಂದಿನ ವರ್ಷ ಒಂದು ಕೂಸು ಹೊಟ್ಟೆಯಲ್ಲೇ ಹೋಗಿತ್ತು. ಇದಾದರೂ ಉಳಿಯಲಿ ಅಂತ ನಾನೇ ಅವಳನ್ನು ಕಾಮಗೆರೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಪರದೇಶದಿಂದ ಬಂದಿದ್ದ ಒಬ್ಬ ನರ್ಸಮ್ಮ ಇದ್ದರು, ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವವರು. ತಂಗಿಯ ತುಟಿಯ ಸುತ್ತ ಎದ್ದಿದ್ದ ಗುಳ್ಳೆಗಳನ್ನು ನೋಡಿ, ಯಾವ ನೀರು ಕುಡಿಯುತ್ತೀಯಮ್ಮ ಅಂತ ಕೇಳಿದರು.

"ಮನೇಲಿ ಬೋರ್‌ವೆಲ್ ನೀರು. ಮಂಗ್ಳಾರ ಸುಕ್ರಾರ ಮಾತ್ರ ಬಾವಿಯಮ್ಮನ ತೀರ್ಥ" ಅಂದಳು ತಂಗಿ.

ಅದು ಆ ಬಾವಿಯದೇ ನೀರು.

ನರ್ಸಮ್ಮ ಮುಲಾಮು ಹಚ್ಚುತ್ತ ತಮ್ಮ ಅಪ್ಪನ ಕೈಗಳನ್ನು ನೆನೆದರು. ಅಪ್ಪ ಉತ್ತರದ ಒಂದು ಸಮುದ್ರದಲ್ಲಿ ಮೀನು ಹಿಡಿಯುತ್ತಿದ್ದವರಂತೆ. ದೊಡ್ಡ ಯುದ್ಧ ಮುಗಿದ ಮೇಲೆ, ವಿಷದ ಗಾಳಿ ತುಂಬಿದ ಬಾಂಬುಗಳನ್ನು ಹಡಗುಗಟ್ಟಲೆ ತಂದು ಆ ಸಮುದ್ರಕ್ಕೆ ಸುರಿದಿದ್ದರಂತೆ. ಎಷ್ಟೋ ವರ್ಷದ ಮೇಲೆ ಅಪ್ಪನ ಬಲೆಗೆ ಮೇಣದ ಉಂಡೆಯಂಥದ್ದೊಂದು ಬಂತು; ಆ ವಿಷವೇ ಗಟ್ಟಿಯಾದದ್ದು. ಬರಿಗೈಯಲ್ಲಿ ಎತ್ತಿ ಎಸೆದರು. ಸಂಜೆಗೆ ಅಂಗೈ ತುಂಬ ಬೊಬ್ಬೆ. ಸುರಿದವರು ಎಲ್ಲಿ ಸುರಿದೆವೆಂದು ಬಹಳ ಕಾಲ ಬಾಯಿಬಿಡಲಿಲ್ಲ. ಈಗ ಸುತ್ತಲ ದೇಶಗಳು, ಹಿಂದೆ ಒಬ್ಬರನ್ನೊಬ್ಬರು ಕೊಂದವರೂ ಸೇರಿ, ಒಟ್ಟಿಗೆ ಕೂತು ಹಳೆಯ ಕಾಗದ ಬಿಚ್ಚುತ್ತಿದ್ದಾರೆ, ನಕ್ಷೆ ಬರೆಯುತ್ತಿದ್ದಾರೆ, ಏನನ್ನು ಮುಟ್ಟಬಾರದೆಂದು ಬೆಸ್ತರಿಗೆ ಕಲಿಸುತ್ತಿದ್ದಾರೆ ಅಂದರು.

"ಮೊದಲು ಜಾಗ ಹೇಳ್ಬೇಕು. ಅಪ್ಪುರಂ ಬಾಕಿ ಕೆಲ್ಸ."

ಅವರಿಗೆ ನನ್ನ ವಿಷಯ ಏನೂ ಗೊತ್ತಿರಲಿಲ್ಲ. ಆದರೂ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ದೇಶ ದೇಶಗಳೇ ಒಪ್ಪಿಕೊಂಡಿರುವಾಗ ನನ್ನದೇನು ದೊಡ್ಡಸ್ತಿಕೆ? ತಂಗಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಡ್ರಮ್ಮುಗಳನ್ನು ಉರುಳಿಸಿದ್ದು, ತಲೆ ಬಾಚುವ ಹೆಂಗಸನ್ನು ನಾನೇ ಹುಟ್ಟಿಸಿದ್ದು, ಮೇಕೆ ಸತ್ತದ್ದು ಯಾಕೆಂದು ಗೊತ್ತಿದ್ದೂ ಸುಮ್ಮನಿದ್ದದ್ದು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಊರವರ ಮುಂದೆಯೂ ನಾಳೆಯೇ ಹೇಳುತ್ತೇನೆ, ನೀನು ಇನ್ನು ಒಂದು ಹನಿಯನ್ನೂ ಮುಟ್ಟಬೇಡ ಅಂದೆ.

ಬೈಯುತ್ತಾಳೆ, ಅಳುತ್ತಾಳೆ ಅಂದುಕೊಂಡಿದ್ದೆ. ಅವಳು ಕೇಳಿದ್ದು ಇಷ್ಟೇ:

"ಅಣ್ಣ, ಓದೊರ್ಸ ಓಯ್ತಲ್ಲ ಕೂಸು, ಆಗ್ಲೂ ತೀರ್ಥ ಕುಡೀತಿದ್ದೆ. ಅದೂ ಇದ್ರಿಂದ್ಲೇನಾ?"

"ಗೊತ್ತಿಲ್ಲ ಕಣವ್ವ" ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಇಂದಿಗೂ ಗೊತ್ತಿಲ್ಲ.

ಅವಳು ಎದ್ದಳು. ಹೊಟ್ಟೆಯ ಮೇಲೆ ಸೆರಗು ಎಳೆದುಕೊಂಡು, ನನ್ನಿಂದ ದೂರ, ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತಳು.