ಹಿಡಿದಳೋ, ಹಾಕಿದಳೋ

ಇದನ್ನು ಬರೆಯಬೇಕೆಂದು ಮೂರು ವರ್ಷದಿಂದ ಅಂದುಕೊಳ್ಳುತ್ತಲೇ ಬಂದೆ. ಒಮ್ಮೆ ಕಣ್ಣಿನ ಪೊರೆಯ ನೆಪ, ಒಮ್ಮೆ ಬಿಸಿಲಿನ ನೆಪ. ನಿಜ ಹೇಳಬೇಕೆಂದರೆ ಅಂಜಿಕೆ. ಬರೆದರೆ ನನ್ನ ಜಾಣತನ ಎಂಥದ್ದೆಂದು ಎಲ್ಲರಿಗೂ ತಿಳಿಯುತ್ತದೆ.

ಹೈಸ್ಕೂಲಿನವರೆಗೆ ಓದಿದ ನಾನು ಇಳಕಲ್ಲಿನ ಒಂದು ಶಾಲೆಯಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದೆ. ಗ್ರಂಥಾಲಯವೆಂದರೆ ನಾಲ್ಕು ಕಪಾಟು, ಒಂದು ರಿಜಿಸ್ಟರು ಮತ್ತು ನನ್ನ ಸಂಶಯ. ಮರಳಿ ಬಂದ ಪುಸ್ತಕವನ್ನು ಮೊದಲು ಕೊಡವುತ್ತಿದ್ದೆ, ಆಮೇಲೆ ಮೂಸುತ್ತಿದ್ದೆ, ಕೊನೆಗೆ ಪುಟ ಎಣಿಸುತ್ತಿದ್ದೆ. ಮಕ್ಕಳು ಪುಸ್ತಕ ಒಯ್ಯುವುದು ಚಿತ್ರ ಹರಿದುಕೊಳ್ಳಲಿಕ್ಕೇ ಎಂದು ನಂಬಿದ್ದೆ. ಮೂವತ್ತು ವರ್ಷದಲ್ಲಿ ಹರಿದವರು ಮೂರೋ ನಾಲ್ಕೋ ಮಂದಿ. ಆದರೂ ನಂಬಿಕೆ ಹೋಗಲಿಲ್ಲ.

ಮೈಸೂರು ಕಡೆಯಿಂದ ಹೊಸ ಮೇಡಂ ಒಬ್ಬರು ಬಂದರು. ಏಳನೆಯ ತರಗತಿಗೆ ಹೇಳಿದರು: "ಪುಸ್ತಕ ಓದಿ ಸಾರಾಂಶ ಬರೆಯಬೇಡಿ. ನಿಮ್ಮ ಕೈಯಿಂದಲೇ ಏನಾದರೂ ಮಾಡಿ ತನ್ನಿ. ಅದನ್ನು ನೋಡಿದರೆ ಕಥೆ ತಿಳಿಯಬೇಕು." ಚೆನ್ನಾಗಿದ್ದವನ್ನು ಬಾಗಲಕೋಟೆಯ ಪ್ರದರ್ಶನಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ವಾರದಲ್ಲಿ ನನ್ನ ಮೇಜಿನ ಮೇಲೆ ಸಂತೆಯೇ ನೆರೆಯಿತು. ಬೂಟಿನ ಡಬ್ಬಿಯಲ್ಲಿ ಅರಮನೆ, ಮೊರದ ಮೇಲೆ ಕಾಡು. ಒಬ್ಬಳು ಜೋಳದ ಹಿಟ್ಟಿನಲ್ಲಿ ಮುದುಕಿಯನ್ನು ಮಾಡಿ ತಂದಿದ್ದಳು. ಮಧ್ಯಾಹ್ನದೊಳಗೆ ಇರುವೆಗಳು ಅದರ ಮೂಗು ತಿಂದಿದ್ದವು.

ನೇಕಾರರ ಓಣಿಯ ಹುಡುಗಿಯೊಬ್ಬಳು ಫೋಟೋದ ಹಳೆಯ ಚೌಕಟ್ಟಿಗೆ ಮೊಳೆ ಹೊಡೆದು, ಅದರಲ್ಲಿ ಅಂಗೈ ಅಗಲದ ಪಟ್ಟಿ ನೇಯ್ದು ತಂದಿದ್ದಳು. ಅವಳು ಓದಿದ್ದು ಹಿನ್ನೀರಿನಲ್ಲಿ ಮನೆ ಮುಳುಗಿ, ಗುಡ್ಡದ ಮೇಲಿನ ಹೊಸ ಊರಿಗೆ ಹೋಗುವ ಹುಡುಗಿಯ ಕಥೆ. ಪಟ್ಟಿಯ ಅರ್ಧ ಕಡುನೀಲಿ, ಅರ್ಧ ಕೆಂಪು.

"ಇದು ಹಳೇ ಊರ್ರಿ ಮೇಡಂ. ಇದು ಹೊಸಾದು. ನಡುವ ಕೊಂಡಿ ಐತಲ್ರಿ, ಅಲ್ಲಿ ಆಕಿ ಮನಿ ಬಿಟ್ಲರಿ."

ಮೇಡಂ ಬಣ್ಣ ನೋಡಿ ಹಿಗ್ಗಿದರು. ನಾನು ಕೊಂಡಿ ನೋಡಿ ಹುಬ್ಬು ಗಂಟಿಕ್ಕಿದೆ. ನಮ್ಮ ಸೀರೆಯಲ್ಲಿ ಒಡಲಿನ ಎಳೆ ಬೇರೆ, ಸೆರಗಿನ ಎಳೆ ಬೇರೆ. ಎರಡೂ ಕೂಡುವಲ್ಲಿ ಒಂದೊಂದು ಎಳೆಯನ್ನೂ ಇನ್ನೊಂದರೊಳಗೆ ಸಿಕ್ಕಿಸಬೇಕು. ಅದೇ ಕೊಂಡಿ. ಹೊರಗಿನವರಿಗೆ ಅದು ಕಾಣುವುದೇ ಇಲ್ಲ. ನಾನು ಮಗ್ಗದ ಮನೆಯಲ್ಲಿ ಹುಟ್ಟಿದವನು. ನಮ್ಮವ್ವ ಎಳೆ ಹಿಡಿದು ಕೂತರೆ ಅಕ್ಕ ಕೊಂಡಿ ಹಾಕುತ್ತಿದ್ದಳು. ಅಕ್ಕನ ಕೈಗೆ ಅದು ಬರಲು ಎರಡು ವರ್ಷ ಬೇಕಾಗಿತ್ತು. ಹನ್ನೆರಡು ವರ್ಷದ ಹುಡುಗಿ ವಾರದಲ್ಲಿ ಹಾಕುತ್ತಾಳೆಯೇ?

"ಕೊಂಡಿ ಯಾರು ಹಾಕಿದ್ರವಾ?" ಎಂದು ಕೇಳಿದೆ.

"ನಾನರಿ. ಅವ್ವ ಹಿಡಿದ್ಲು."

"ಹಿಡಿದ್ಲೋ, ಹಾಕಿದ್ಲೋ?"

"ಹಿಡಿದ್ಲರಿ ಅಜ್ಜಾರ."

"ಏ ಹುಡುಗಿ, ನಾನೂ ನೇಕಾರರ ಮಗನ. ನನಗ ಹೇಳ್ತೀ?"

ಮೇಡಂ ನನ್ನ ಮುಖ ನೋಡಿದರು. ಅವರಿಗೆ ಮಗ್ಗ ಗೊತ್ತಿಲ್ಲ, ನನಗೆ ಗೊತ್ತು. ನನ್ನ ಮಾತೇ ನಡೆಯಿತು. ತಾಯಿಯನ್ನು ಕರೆಸಿದರು.

ಮರುದಿನ ಆ ಹೆಣ್ಣುಮಗಳು ಮಗ್ಗದಿಂದ ಎದ್ದು ಬಂದಂತೆ ಬಂದಳು. ಸೆರಗಿನ ಮೇಲೆ ಎಳೆಯ ಚೂರು ಹಾಗೇ ಇದ್ದವು. "ನಾ ಸಾಲಿ ಕಲ್ತಾಕಿ ಅಲ್ರಿ. ಆಕಿ ದಿನಾ ಓದಿ ಹೇಳತಿದ್ಲು, ನಾ ನೇಯ್ಕೋತ ಕೇಳತಿದ್ದೆ. ಆಮ್ಯಾಲ ಎಳಿ ಹಿಡಿ ಅಂದ್ಲು, ಹಿಡಿದೆ" ಎಂದಳು.

ಅದನ್ನೂ ನಾನು ನಂಬಲಿಲ್ಲ. ಇವಳೇ ಓದಿದ್ದಾಳೆ, ಇವಳೇ ನೇಯ್ದಿದ್ದಾಳೆ, ಈಗ ಓದಲು ಬಾರದವಳ ಸೋಗು ಹಾಕುತ್ತಿದ್ದಾಳೆ ಎಂದುಕೊಂಡೆ. ಪುಸ್ತಕವನ್ನು ಬೇಕೆಂದೇ ತಲೆಕೆಳಗು ಮಾಡಿ ಕೈಗೆ ಕೊಟ್ಟು, "ಎಲ್ಲಿತನಕ ಕೇಳಿದಿ, ತೋರಸು" ಎಂದೆ. ಓದಲು ಬರುವವಳಾದರೆ ಕೈ ತಾನೇ ಅದನ್ನು ತಿರುಗಿಸುತ್ತದೆ ಎಂಬುದು ನನ್ನ ಲೆಕ್ಕ. ಅವಳು ತಿರುಗಿಸಲಿಲ್ಲ. ಹಾಗೆಯೇ ಹಿಡಿದು, ಒಂದೊಂದೇ ಹಾಳೆ ಮಗುಚಿ, ಚಿತ್ರ ಹುಡುಕತೊಡಗಿದಳು. ಬಾಗಿಲಲ್ಲಿ ನಿಂತಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಹುಡುಗಿ ಓಡಿಬಂದು ಪುಸ್ತಕ ಕಸಿದುಕೊಂಡಳು. "ಅವ್ವಾ, ಹೊಂಟ ನಡಿ."

ತಾಯಿ ಹೇಳಿದ್ದು ಖರೆಯೆಂದು ಅಲ್ಲಿಗೇ ತಿಳಿಯಬೇಕಿತ್ತು. ನಾನು ಮೇಡಂಗೆ ಹೇಳಿದ್ದು ಬೇರೆ: "ಭಾಳ ಪಳಗ್ಯಾಳ್ರಿ. ನಾಟಕ."

ಚೌಕಟ್ಟು ಬಾಗಲಕೋಟೆಗೆ ಹೋಗಲಿಲ್ಲ. ಬೂಟಿನ ಡಬ್ಬಿಯ ಅರಮನೆ ಹೋಯಿತು.

ಎರಡು ತಿಂಗಳ ಮೇಲೆ ಅದೇ ಹುಡುಗಿ ರಿಜಿಸ್ಟರಿನಲ್ಲಿ ಸಹಿ ಮಾಡುವಾಗ ನೋಡಿದೆ. ಎಡಗೈ. ಅವಳು ಹೋದ ಮೇಲೆ ಕಪಾಟಿನ ಹಿಂದಿನಿಂದ ಚೌಕಟ್ಟು ತೆಗೆದೆ. ಕೊಂಡಿಗಳೆಲ್ಲ ಎಡಕ್ಕೆ ಹೊರಳಿದ್ದವು. ಮೊದಲ ದಿನವೇ ಅದು ಕಣ್ಣಿಗೆ ಬಿದ್ದಿತ್ತು. ಅವಸರದ ಕೆಲಸ ಎಂದುಕೊಂಡಿದ್ದೆ. ತಾಯಿ ಪುಸ್ತಕದ ಹಾಳೆ ಮಗುಚಿದ್ದು ಬಲಗೈಯಿಂದ. ಬಲಗೈಯವರು ಹಾಕಿದ ಕೊಂಡಿ ಎಂದೂ ಹಾಗೆ ಹೊರಳುವುದಿಲ್ಲ. ಇದು ಮೇಡಂಗೆ ತಿಳಿಯುವಂಥದ್ದಲ್ಲ. ತಿಳಿಯಬೇಕಾದವನು ನಾನು ಒಬ್ಬನೇ.

ಶಾಲೆಯ ಕೊನೆಯ ದಿನ ಹುಡುಗಿಯನ್ನು ಕರೆದು ಚೌಕಟ್ಟು ಕೊಟ್ಟೆ. "ತಪ್ಪಾತವಾ ನಂದು" ಎಂದೆ.

ಅವಳು ಚೌಕಟ್ಟು ಬಗಲಲ್ಲಿ ಇಟ್ಟುಕೊಂಡಳು. "ನನಗೇನಿಲ್ರಿ ಅಜ್ಜಾರ. ಅವ್ವಗ ಹೇಳ್ರಿ. ನಾ ಪುಸ್ತಕ ತಗದ್ರ ಸಾಕು, ಎದ್ದು ಒಳಗ ಹೋಗ್ತಾಳ. ಒಂದ ಕತಿನೂ ಕೇಳವಲ್ಲಳು."

ಹೇಳುತ್ತೇನೆ ಎಂದೆ. ಆಮೇಲೆ ಕೆಲಸ ಬಿಟ್ಟು ಬಾಗಲಕೋಟೆಯ ವಿದ್ಯಾಗಿರಿಗೆ, ಮಗಳ ಮನೆಗೆ ಬಂದೆ. ಕಳೆದ ವರ್ಷ ಒಮ್ಮೆ ಇಳಕಲ್ಲಿನ ಬಸ್ಸು ಹತ್ತಿದ್ದೆ. ದಾರಿಯಲ್ಲಿ ಹೊಸ ಸಂಶಯವೊಂದು ಹುಟ್ಟಿತು. ಈ ಮುದುಕ ಇಷ್ಟು ದಿನದ ಮೇಲೆ ಯಾಕೆ ಬಂದ, ಇನ್ನೇನು ಪರೀಕ್ಷೆ ಮಾಡುತ್ತಾನೆ ಎಂದು ಆ ತಾಯಿ ಅಂದುಕೊಂಡರೆ? ನನ್ನನ್ನು ನಂಬಲು ಅವಳಿಗೆ ಕಾರಣವಾದರೂ ಏನಿದೆ? ಹುನಗುಂದದಲ್ಲಿ ಇಳಿದು, ಚಹಾ ಕುಡಿದು, ತಿರುಗಿ ಬಂದೆ.

ಮೇಡಂಗೆ ಫೋನು ಮಾಡಿ ಎಲ್ಲ ಹೇಳಿಯಾಯಿತು. ಹುಡುಗಿಗೆ ಹೇಳಿಯಾಯಿತು. ಓದಲು ಬಾರದಿದ್ದರೂ ಮಗಳ ಬಾಯಿಂದ ಇಡೀ ಪುಸ್ತಕ ಕೇಳಿದ ಒಬ್ಬಳಿಗೆ ಮಾತ್ರ ಹೇಳಿಲ್ಲ. ಆ ಹುಡುಗಿಯ ತಾಯಿಗೆ.