ಗಿರಿಜಾ ಮೇಡಂ ಮತ್ತು ಗಿರಣಿಯ ಚಿತ್ರ

ಗಿರಿಜಾ ಮೇಡಂ ತಾವೇ ಬರೆದ ಚಿತ್ರವನ್ನು ಅಳಿಸುವುದನ್ನು ನೋಡಬೇಕಿತ್ತು. ಡಸ್ಟರ್ ಹುಡುಕುವಷ್ಟು ತಾಳ್ಮೆಯಿಲ್ಲ. ಅಂಗೈಯಿಂದಲೇ ಒರೆಸಿ, ಬೆಳ್ಳಗಾದ ಕೈಯನ್ನು ಸೀರೆಗೆ ತಾಗದಂತೆ ಎತ್ತಿ ಹಿಡಿದು ಪಾಠ ಮುಂದುವರಿಸುತ್ತಿದ್ದರು. ಶಿಕಾರಿಪುರದ ನಮ್ಮ ಪಾಲಿಟೆಕ್ನಿಕ್ಕಿಗೆ ಕುಪ್ಪಗಡ್ಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಅವರು ಕಲಿಸುತ್ತಿದ್ದುದು, ಸಾಫ್ಟ್‌ವೇರ್ ಬರೆಯುವ ಮೊದಲೇ ಅದರ ನಡೆಯನ್ನು ಗೆರೆ-ಬಾಣಗಳಲ್ಲಿ ಬರೆದು ಪರೀಕ್ಷಿಸುವುದನ್ನು.

ಅದಕ್ಕೆ ಅವರ ಬಳಿ ಎರಡು ಬಗೆಯ ಚಿತ್ರಗಳಿದ್ದವು. ಸ್ಥಿತಿಚಿತ್ರವೆಂದರೆ, ಒಂದು ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ, ಮುಂದೆ ಯಾವುದಕ್ಕೆ ಹೋಗಬಹುದು ಎಂದು ತೋರಿಸುವಂಥದ್ದು. ಹಲವು ಕೆಲಸಗಳು ಒಟ್ಟಿಗೆ ನಡೆಯುವಾಗ ಯಾವುದು ಯಾವುದಕ್ಕೆ ಕಾಯುತ್ತದೆ ಎಂದು ತಿಳಿಯಲು ಪೆಟ್ರಿ ನೆಟ್. ಅದರ ವೃತ್ತಗಳೊಳಗೆ ಬಿಲ್ಲೆ ಇಟ್ಟು ಸರಿಸಬೇಕು. ಹಾಳೆಯ ಮೇಲೆ ಬರೆದಾಗ ಮೇಡಂ ಬಿಲ್ಲೆಯ ಬದಲು ಮೆಕ್ಕೆಜೋಳದ ಕಾಳು ಇಡುತ್ತಿದ್ದರು. ಒಮ್ಮೆ ಗ್ರಂಥಾಲಯದ ಪುಸ್ತಕ ಕೊಡುವ ಕೆಲಸಕ್ಕೆ ಬೋರ್ಡು ತುಂಬ ನೆಟ್ ಬರೆದವರು ಹಿಂದೆ ಸರಿದು ನೋಡಿ, "ಒಂದು ಪುಸ್ತಕ ಹೋಗಿ ಬರಕ್ಕೆ ಇಷ್ಟೆಲ್ಲ ಬ್ಯಾಡ. ನಂಗೇ ಹುಚ್ಚು" ಎಂದು ಅಷ್ಟನ್ನೂ ಒರೆಸಿಬಿಟ್ಟರು. ಮೇಷ್ಟರೊಬ್ಬರು ತಮ್ಮ ತಪ್ಪಿಗೆ ತಾವೇ ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಮುಂದೆ ನಾನು ಶಿರಾಳಕೊಪ್ಪದಲ್ಲಿ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್ ಬರೆದುಕೊಡುವ ಪುಟ್ಟ ಆಫೀಸು ತೆರೆದೆ. ಮೊದಲ ದೊಡ್ಡ ಕೆಲಸ ಕುಚ್ಚಲಕ್ಕಿ ಗಿರಣಿಯದು. ನೆನೆಸಿದ ಭತ್ತದ ಎರಡು ತೊಟ್ಟಿ, ಎರಡಕ್ಕೂ ಒಂದೇ ಬಾಯ್ಲರಿನ ಉಗಿ, ಬೆಂದದ್ದನ್ನು ಮೇಲಕ್ಕೊಯ್ಯಲು ಒಂದೇ ಎಲಿವೇಟರ್. ನಡುವೆ ನಿಂತರೆ ಭತ್ತ ಹುಳಿಯುತ್ತದೆ. ಆಮೇಲೆ ಆ ಪೇಟೆಯಲ್ಲಿ ನನ್ನನ್ನು ಕೇಳುವವರಿರುವುದಿಲ್ಲ. ತೊಟ್ಟಿಗೊಂದರಂತೆ ಅಚ್ಚುಕಟ್ಟಾಗಿ ಸ್ಥಿತಿಚಿತ್ರ ಬರೆದು, ಮೇಡಂ ಹೊಗಳಲಿ ಎಂಬ ಆಸೆಯಿಂದಲೇ ಅವರನ್ನು ಕರೆಸಿಕೊಂಡೆ.

"ಒಂದೊಂದೇ ನೋಡಿದ್ರೆ ಎರಡೂ ಸರಿ ಅದಾವೆ ಕಣೇ. ಒಟ್ಟಿಗೆ ಓಡ್ಸಿ ನೋಡಿದ್ಯಾ?" ಎಂದರು.

ನೋಡಿರಲಿಲ್ಲ. ಅವರು ಅದನ್ನೇ ನೆಟ್ ಆಗಿ ಬರೆದು ಕಾಳು ಸರಿಸಿದರು. ತುಸು ಹೊತ್ತಿಗೆ ಒಂದು ತೊಟ್ಟಿ ಉಗಿ ಹಿಡಿದುಕೊಂಡು ಎಲಿವೇಟರಿಗೆ ಕಾಯುತ್ತಿತ್ತು. ಎಲಿವೇಟರನ್ನು ಮೊದಲೇ ಕಾದಿರಿಸುವಂತೆ ನಾನು ಬರೆದಿದ್ದ ಇನ್ನೊಂದು, ಅದನ್ನು ಹಿಡಿದುಕೊಂಡು ಉಗಿಗೆ ಕಾಯುತ್ತಿತ್ತು. ಸರಿಸಲು ಒಂದು ಕಾಳೂ ಉಳಿಯಲಿಲ್ಲ. ಬಗ್ಗಿ ನೋಡುತ್ತಿದ್ದ ಗಿರಣಿಯ ಮಾಲೀಕರು, "ಹಂಗಾರೆ ಇಬ್ಬರೂ ಹಿಡ್ಕಂಡು ಕೂತ್ರೆ ಬಿಡೋರ್ಯಾರು ಮೇಡಂ?" ಎಂದು ಕೇಳಿದರು. ಮೇಡಂ ನನ್ನ ಕಡೆ ಕೈ ತೋರಿಸಿ, ಅದನ್ನು ಇವಳೇ ಹೇಳುತ್ತಾಳೆ ಎಂದು ಚಹಾ ಕುಡಿಯತೊಡಗಿದರು. ಎರಡು ತೊಟ್ಟಿಗಳೂ ಮೊದಲು ಎಲಿವೇಟರ್ ಕೇಳಬೇಕು, ಸಿಕ್ಕ ಮೇಲಷ್ಟೇ ಉಗಿ ಎಂದು ನಾನು ತಿದ್ದಿದೆ. ಗಿರಣಿ ನಿಲ್ಲದೆ ನಡೆಯಿತು. ನನ್ನ ಅನ್ನದಲ್ಲಿ ಅವರ ಋಣವಿದೆ, ಇದನ್ನು ಹೇಳಿಕೊಳ್ಳಲು ನನಗೆ ಸಂತೋಷವೇ.

ಕೊನೆಯ ಸಲ ಕಂಡದ್ದು ಕುಪ್ಪಗಡ್ಡೆಯಲ್ಲಿ. ಕಾಯಿಲೆಯಿಂದ ಬಹಳ ಇಳಿದುಹೋಗಿದ್ದರು. ಗಿರಣಿಗೆ ಇನ್ನೊಂದು ಬಾಯ್ಲರ್ ಬರುವುದಿತ್ತು. ಈ ಬಾರಿ ಯಾವ ಚಿತ್ರ ಎಂದು ಕೇಳಲು ಹೋಗಿದ್ದೆ. ಅವರು ದಿಂಬಿಗೆ ಒರಗಿ ಎಲ್ಲವನ್ನೂ ನನ್ನ ಬಾಯಿಂದಲೇ ಹೇಳಿಸಿದರು. ಬಾಯ್ಲರುಗಳಿಗೆ ಒಂದೊಂದು ಸ್ಥಿತಿಚಿತ್ರ ಸಾಕು, ಅವೆರಡೂ ಸೇರುವ ಕಡೆ ಮಾತ್ರ ನೆಟ್ ಬೇಕು ಎಂದೆ. ಸರಿಯಾ ಎಂದು ಕೇಳಿದೆ.

"ನೀ ಹೇಳಿದ್ದು ನಂಗೆ ಪೂರ್ತಿ ತಿಳೀತು. ಇನ್ನು ನನ್ನ ಕೇಳಕ್ಕೆ ಬರಬ್ಯಾಡ ಮಾರಾಯ್ತಿ."

ಬೇಜಾರಿನಿಂದಲೇ ಬಸ್ಸು ಹತ್ತಿದೆ. ಅದು ಅವರ ಒಪ್ಪಿಗೆ ಎಂದು ಹೊಳೆಯುವ ಹೊತ್ತಿಗೆ ಅವರು ಇರಲಿಲ್ಲ.

ಹೊಸ ಬಾಯ್ಲರಿನ ಚಿತ್ರದ ಕೆಳಗೆ ಪರಿಶೀಲಿಸಿದವರ ಸಹಿಗೆ ಜಾಗವಿತ್ತು. ಈ ಸಲ ಅಲ್ಲಿ ನನ್ನ ಹೆಸರು ಬರೆದೆ.