ಕಂಪ್ರೆಸರಿಗೆ ಕುಸುಬಿ ಎಣ್ಣೆ

ಬಿಜ್ಜರಗಿಯ ಶಿವಯೋಗೆಪ್ಪನವರಿಗೆ ತಿಳಿಯದ ವಿಷಯ ಜಗತ್ತಿನಲ್ಲಿ ಇರಲಿಲ್ಲ. ಇದ್ದರೆ ಅದು ವಿಷಯವೇ ಅಲ್ಲ ಎಂದು ಅವರೇ ತೀರ್ಪು ಕೊಟ್ಟಿದ್ದರು. ಪಂಪು, ಟ್ರ್ಯಾಕ್ಟರು, ಕಡೆಗೆ ಒಣದ್ರಾಕ್ಷಿ ಆರಿಸುವ ಯಂತ್ರ, ಇವುಗಳ ಜೊತೆ ಬಂದ ಪುಸ್ತಕಗಳನ್ನೆಲ್ಲ ಪುಣ್ಯಾತ್ಮ ಬಿಚ್ಚದೆಯೇ ಅಟ್ಟಕ್ಕೆ ಎಸೆದಿದ್ದರು.

ಆ ಯಂತ್ರ ಕಪ್ಪಾದ ಹಣ್ಣನ್ನು ಗುರುತಿಸಿ, ಗಾಳಿ ಊದಿ ಆಚೆ ಹಾರಿಸುತ್ತದೆ. ಗಾಳಿ ಕೊಡುವುದು ಪಕ್ಕದ ಕಂಪ್ರೆಸರ್. ಹೋದ ವರ್ಷ ಶಿವಯೋಗೆಪ್ಪ ಅದಕ್ಕೆ ಟ್ರ್ಯಾಕ್ಟರಿನ ಇಂಜಿನ್ ಆಯಿಲ್ ಸುರಿದಿದ್ದರು. ಗಾಳಿಯ ಜೊತೆ ಎಣ್ಣೆಯೂ ಹಾರಿ, ಮಾಲೆಲ್ಲ ಗ್ಯಾರೇಜಿನ ವಾಸನೆ ಹೊಡೆಯಿತು. ವ್ಯಾಪಾರಿ ಒಂದು ಹಣ್ಣು ಬಾಯಿಗಿಟ್ಟು, ಥೂ ಎಂದು ಉಗಿದು, ಬಂದ ದಾರಿಗೆ ಸುಂಕವಿಲ್ಲ ಅಂತ ಹೋದ. ಈ ಸಲ ಬಸವ ಜಯಂತಿಯ ಮರುದಿನ ಅವನೇ ಬರುವವನಿದ್ದ. ಮತ್ತೆ ಉಗಿದರೆ ಮುಂದೆಂದೂ ಇತ್ತ ತಲೆ ಹಾಕುವುದಿಲ್ಲ.

ಸ್ಟೇಷನ್ ರಸ್ತೆಯ ಮೆಕ್ಯಾನಿಕ್ ನಾಸೀರ ಫೋನಿನಲ್ಲಿ ಹೇಳಿದ: "ಯಜಮಾನ್ರ, ತಿನ್ನೋ ಮಾಲಿನ ಮಷೀನಿಗಂತನ ಬ್ಯಾರೆ ಕಂಪ್ರೆಸರ್ ಆಯಿಲ್ ಬರತೈತಿ. ಪುಸ್ತಕದಾಗ ನಂಬರ್ ನೋಡಿ ಹೇಳ್ರಿ, ಕಳಸತೇನಿ."

"ಪುಸ್ತಕ ಓದಾಕ ನಾ ಏನ್ ಸಾಲಿ ಹುಡುಗ ಏನಲೇ?" ಎಂದು ಫೋನಿಟ್ಟ ಶಿವಯೋಗೆಪ್ಪನವರಿಗೆ ಅಲ್ಲೇ ಜ್ಞಾನೋದಯವಾಯಿತು. ತಿನ್ನುವ ಮಾಲಿಗೆ ತಿನ್ನುವ ಎಣ್ಣೆ! ಅಡುಗೆಮನೆಗೆ ನುಗ್ಗಿ ಗಾಣದ ಕುಸುಬಿ ಎಣ್ಣೆಯ ಡಬ್ಬಿ ಎತ್ತಿಕೊಂಡರು.

"ಅದನ್ನ ಎಲ್ಲಿಗ್ರಿ?" ಎಂದಳು ಹೆಂಡತಿ ಹನಮವ್ವ.

"ಕಂಪ್ರೆಸರಿಗಿ."

"ಕಾದ್ರ ಜಿಗಟ ಆಗತೈತ್ರಿ ಅದು. ಬಾಣಲಿ ತಿಕ್ಕಿ ತಿಕ್ಕಿ ನನ್ನ ಕೈ ಸೋತಾವ."

"ಬಾಣಲಿ ನಿನಗ ಗೊತ್ತು, ಮಷೀನು ನನಗ ಗೊತ್ತು. ಸುಮ್ಕಿರ."

ಹಿತ್ತಲ ಗಿಡ ಮದ್ದಲ್ಲ. ಹೆಂಡತಿ ಹೇಳಿದ್ದು ವಿದ್ಯೆಯಲ್ಲ.

ಹತ್ತು ದಿನ ಯಂತ್ರ ಓಡಿತು. ಅಷ್ಟೂ ದಿನ ಶಿವಯೋಗೆಪ್ಪ ತಿಕೋಟಾದ ಚಹಾದಂಗಡಿಯಲ್ಲಿ ಕೂತು, ಕಂಪನಿಯವರು ತಮ್ಮ ಹತ್ತಿರ ಬಂದು ಕಲಿಯಬೇಕೆಂದು ಉಪನ್ಯಾಸ ಕೊಟ್ಟರು. ಬಸವ ಜಯಂತಿಗೆ ಎರಡು ದಿನ ಇರುವಾಗ ಕಂಪ್ರೆಸರ್ ನರಳಿ ನಿಂತುಬಿಟ್ಟಿತು. ಅರ್ಧ ಮಾಲು ಆರಿಸದೆ ಹಾಗೇ ಬಿದ್ದಿತ್ತು.

ನಾಸೀರ ಬಂದು ಮೇಲಿನ ಮುಚ್ಚಳ ಬಿಚ್ಚಿದ. ಒಳಗೆಲ್ಲ ಕಂದು ಬಣ್ಣದ ಅಂಟು, ವಾಲ್ವು ಅಲ್ಲಾಡಲೊಲ್ಲದು.

"ಏನ್ ಹಾಕೀರಿ ಯಜಮಾನ್ರ ಇದಕ್ಕ?"

ಎಲ್ಲ ಬಲ್ಲವರು ಎಣ್ಣೆಯ ಡಬ್ಬಿಯನ್ನು ಮೆಲ್ಲಗೆ ಕಾಲಿನಿಂದ ಹಿಂದೆ ಸರಿಸಿದರು. ಹನಮವ್ವ ಇಣುಕಿದಳು. "ನಮ್ಮ ಬಾಣಲಿ ತಳ ಹಿಂಗ ಇರತೈತಿ ನೋಡ ತಮ್ಮಾ."

ರಿಪೇರಿಗೆ ಎಂಟು ದಿನ ಬೇಕೆಂದ ನಾಸೀರ. ಹನಮವ್ವ ಓಣಿಯ ಹೆಂಗಸರನ್ನು ಕೂಗಿ ತಾಡಪತ್ರಿ ಹಾಸಿದಳು. ಹಬ್ಬದ ದಿನವೂ ಶಿವಯೋಗೆಪ್ಪ ಅವರ ಸಾಲಿನಲ್ಲೇ ಕೂತು ಕಪ್ಪು ಹಣ್ಣು ಹೆಕ್ಕಿದರು. ಸೊಂಟಕ್ಕಿಂತ ಮಾನವೇ ಹೆಚ್ಚು ನೋಯುತ್ತಿತ್ತು.

ಮರುದಿನ ವ್ಯಾಪಾರಿ ಒಂದು ಹಣ್ಣು ಬಾಯಿಗಿಟ್ಟ. ಉಗಿಯಲಿಲ್ಲ. ಇನ್ನೊಂದು ತೆಗೆದುಕೊಂಡ.

"ಬಾಳ ಚಂದ ಆರಿಸೇತಿ. ಯಾವ ಮಷೀನ್ರಿ ಇದು?"

ಶಿವಯೋಗೆಪ್ಪ ಹೆಂಡತಿಯ ಮುಖ ನೋಡಿದರು.

"ಮಷೀನು ನಿಮಗ ಗೊತ್ತಲ್ಲ," ಎಂದಳು ಹನಮವ್ವ, "ನೀವ ಹೇಳ್ರಿ."